ಕಲ್ಲಿನಡಿಯ ಹಾವು ಮತ್ತು ಆಪರೇಷನ್ನಿನ ಹಿಂದಿನ ರಾತ್ರಿ

"ಅಮ್ಮಂಗೆ ಏನೂ ಹೇಳ್ಬೇಡಿ ಡಾಕ್ಟ್ರೇ, ಬರೀ ಗಡ್ಡೆ ಅಂತ ಹೇಳಿದೀವಿ."

ಕ್ಯಾನ್ಸರ್ ವಿಭಾಗದ ಬಾಗಿಲಲ್ಲಿ ಕಾದು ಕೂತವರ ಕಿವಿಗೆ ಈ ಮಾತು ಆಗಾಗ ಬೀಳುತ್ತದೆ. ಹೇಳುವವರು ಮಗ, ಅಳಿಯ, ಕೆಲವೊಮ್ಮೆ ಗಂಡ. ಅಮ್ಮ ಹೊರಗಿನ ಬೆಂಚಿನ ಮೇಲೆ ಸೆರಗು ಹೊದ್ದು ಕೂತಿರುತ್ತಾಳೆ. ಎದುರಿಗೆ ಆಂಕಾಲಜಿ ಎಂಬ ಬೋರ್ಡು, ಪಕ್ಕದಲ್ಲಿ ಕೂದಲು ಉದುರಿದ ತಲೆಗೆ ಬಟ್ಟೆ ಸುತ್ತಿಕೊಂಡ ಇನ್ನೊಬ್ಬ ಹೆಂಗಸು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರಂತೂ ನಮ್ಮ ಹಳ್ಳಿಗಳಲ್ಲಿ ಕಾಯಿಲೆಯ ಹೆಸರೇ ಆಗಿಬಿಟ್ಟಿದೆ. 'ಕಿದ್ವಾಯಿಗೆ ಹೋಗ್ತಿದಾರಂತೆ' ಅಂದರೆ ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅಂಥ ಕಡೆಗೆ ಕರೆತಂದು ಕೂರಿಸಿ, ಆಕೆಗೆ ಏನೂ ಗೊತ್ತಿಲ್ಲ ಎಂದು ನಾವು ನಂಬಿಕೊಂಡಿರುತ್ತೇವೆ.

ಪ್ರೀತಿಯಿಂದ ಮಾಡುವ ಈ ಮುಚ್ಚುಮರೆಗೆ ಹಳೆಯ ಇತಿಹಾಸವಿದೆ. 1811ರಲ್ಲಿ ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ಪ್ಯಾರಿಸ್ಸಿನಲ್ಲಿದ್ದಳು. ಬಲಸ್ತನದಲ್ಲಿ ಗಡ್ಡೆ. ನೆಪೋಲಿಯನ್ನನ ಸೇನೆಯ ಹೆಸರಾಂತ ಸರ್ಜನ್ ಲಾರೇ ಮತ್ತು ಸಂಗಡಿಗರು ಸ್ತನ ತೆಗೆಯಬೇಕೆಂದು ತೀರ್ಮಾನಿಸಿದರು. ಯಾವ ದಿನವೆಂದು ಮಾತ್ರ ಹೇಳಲಿಲ್ಲ. ಸುಮ್ಮನೆ ಹೆದರಿಸುವುದೇಕೆ, ಕೆಲವು ಗಂಟೆ ಮೊದಲು ತಿಳಿಸಿದರೆ ಸಾಕು ಎಂಬುದು ಅವರ ಲೆಕ್ಕ. ಸೆಪ್ಟೆಂಬರ್ 30ರ ಬೆಳಿಗ್ಗೆ ಚೀಟಿ ಬಂತು. ಬರ್ನಿ ಮೊದಲು ಮಾಡಿದ ಕೆಲಸ, ಏನೋ ನೆಪ ಹೂಡಿ ಗಂಡನನ್ನು ಮನೆಯಿಂದಾಚೆ ಕಳಿಸಿದ್ದು. ಆತ ನೋಡಿ ನೊಂದುಕೊಳ್ಳಬಾರದೆಂದು! ನಮ್ಮಲ್ಲಿ ಮನೆಯವರು ರೋಗಿಯಿಂದ ಮುಚ್ಚಿಡುತ್ತಾರೆ, ಅಲ್ಲಿ ರೋಗಿಯೇ ಮನೆಯವನಿಂದ ಮುಚ್ಚಿಟ್ಟಳು. ವೈದ್ಯರು ಬರುವುದು ತಡವಾಗಿ ಮಧ್ಯಾಹ್ನ 3 ಗಂಟೆಯಾಯಿತು. ಆ ನಡುವೆ ಆಕೆ, ಬ್ಯಾಂಡೇಜು ಸ್ಪಂಜುಗಳ ರಾಶಿ ಹಾಕಿಟ್ಟ ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡಿದಳು. ಮುಂದೆ ಅಕ್ಕನಿಗೆ ಬರೆದ ಉದ್ದನೆಯ ಪತ್ರದಲ್ಲಿ ಚಾಕುವಿನ ನೋವಿನ ಜೊತೆಗೆ ಈ ಕಾಯುವಿಕೆಗೂ ಆಕೆ ಸಾಕಷ್ಟು ಜಾಗ ಕೊಟ್ಟಿದ್ದಾಳೆ. ಆಪರೇಷನ್ ನಡೆದದ್ದು ಅರಿವಳಿಕೆಯಿಲ್ಲದೆ. ಮುಖದ ಮೇಲೆ ಹೊದಿಸಿದ ತೆಳುವಾದ ಕರವಸ್ತ್ರದ ಮೂಲಕ ಉಕ್ಕಿನ ಹೊಳಪು ಕಾಣುತ್ತಿತ್ತಂತೆ. ಅದಾದ ಮೇಲೆ ಆಕೆ 28 ವರ್ಷ ಬದುಕಿ, 87ನೇ ವಯಸ್ಸಿನಲ್ಲಿ ತೀರಿಕೊಂಡಳು.

ಆಕೆಗೆ ಗೊತ್ತಿರದಿದ್ದ ಸಂಗತಿ ಒಂದಿತ್ತು. ಸುಮಾರು ಏಳು ವರ್ಷ ಮೊದಲೇ, 1804ರ ಅಕ್ಟೋಬರಿನಲ್ಲಿ, ಜಪಾನಿನ ಹನಾವೊಕ ಸೇಶು ಎಂಬ ವೈದ್ಯ 60 ವರ್ಷದ ಹೆಂಗಸೊಬ್ಬಳ ಸ್ತನದ ಗಡ್ಡೆಯನ್ನು ಆಕೆಗೆ ನೋವೇ ತಿಳಿಯದಂತೆ ತೆಗೆದಿದ್ದ. ಕುಡಿಸಿದ್ದು ಗಿಡಮೂಲಿಕೆಯ ಕಷಾಯ. ಅದರಲ್ಲಿ ಮುಖ್ಯವಾಗಿದ್ದದ್ದು ನಮ್ಮ ಶಿವನ ಪೂಜೆಗೆ ಹೂ ಕೊಡುವ ಉಮ್ಮತ್ತದ ಜಾತಿಯ ಗಿಡ. ಪೂರ್ಣ ಅರಿವಳಿಕೆಯಲ್ಲಿ ನಡೆದು, ನಂಬಬಹುದಾದ ದಾಖಲೆಯಿರುವ ಮೊಟ್ಟಮೊದಲ ಶಸ್ತ್ರಚಿಕಿತ್ಸೆಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಅಂದರೆ ಅರಿವಳಿಕೆಯ ಚರಿತ್ರೆಯ ಮೊದಲ ಪುಟಗಳಲ್ಲೇ ಸ್ತನ ಕ್ಯಾನ್ಸರ್ ಇದೆ. ಜಪಾನ್ ಆಗ ಹೊರಜಗತ್ತಿಗೆ ಬಾಗಿಲು ಹಾಕಿಕೊಂಡಿದ್ದರಿಂದ ಸುದ್ದಿ ಯುರೋಪಿಗೆ ಮುಟ್ಟಲಿಲ್ಲ. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಪ್ರಯೋಗವಾದ ಮೇಲೆಯೇ ಉಳಿದವರಿಗೆ ಆ ಭಾಗ್ಯ.

ಚಾಕುವಿನ ನೋವಿಗೆ ಮದ್ದು ಸಿಕ್ಕಿತು. ಕಾಯುವ ಹೊತ್ತಿಗೆ ಮಾತ್ರ ಇವತ್ತಿಗೂ ಅರಿವಳಿಕೆ ಇಲ್ಲ. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1.92 ಲಕ್ಷ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಹಂತದಲ್ಲಿ ಆಪರೇಷನ್ನಿನ ಹಿಂದಿನ ರಾತ್ರಿಯನ್ನು ದಾಟಲೇಬೇಕು.

ಆ ರಾತ್ರಿ ಯಾಕಷ್ಟು ಉದ್ದ? ಲಂಡನ್ನಿನ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನನಗೆ ತುಂಬ ಹಿಡಿಸಿದ್ದು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಕಲ್ಲುಗಳು. ಕಲ್ಲಿನಡಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ಚುರುಕ್ಕೆನ್ನುವಂಥ ಕರೆಂಟಿನ ಶಾಕ್. ಬೆವರು, ಕಣ್ಣಿನ ಪಾಪೆಯ ಹಿಗ್ಗುವಿಕೆ ಎಲ್ಲವನ್ನೂ ಅಳೆದು ನೋಡಿದಾಗ ಗೊತ್ತಾದದ್ದು ಇದು: ಹಾವು ಇದ್ದೇ ಇದೆ, ಶಾಕ್ ಖಂಡಿತ ಎಂದು ತಿಳಿದವರು ಅಷ್ಟಾಗಿ ತಲ್ಲಣಿಸಲಿಲ್ಲ. ತಲ್ಲಣ ತುತ್ತತುದಿ ಮುಟ್ಟಿದ್ದು ಹಾವು ಇರುವ ಸಾಧ್ಯತೆ ಸರಿಯಾಗಿ ಅರ್ಧಕ್ಕರ್ಧ ಇದ್ದಾಗ. ಕೆಟ್ಟದ್ದು ಬರುತ್ತದೆಂದು ಗೊತ್ತಿದ್ದರೆ ಮನಸ್ಸು ಸೊಂಟ ಕಟ್ಟಿ ನಿಲ್ಲುತ್ತದೆ. ಬರುತ್ತದೋ ಇಲ್ಲವೋ ತಿಳಿಯದಿದ್ದರೆ ಅಲ್ಲೇ ಸುತ್ತುತ್ತಿರುತ್ತದೆ.

ಬೆಂಚಿನ ಮೇಲೆ ಕೂತ ಅಮ್ಮನ ಮುಂದೆ ಈಗ ಎಷ್ಟು ಕಲ್ಲುಗಳಿವೆ ನೋಡಿ. ಬರೀ ಗಡ್ಡೆಯೋ ಅದಲ್ಲವೋ. ಎದೆ ಪೂರ್ತಿ ತೆಗೆಯುತ್ತಾರೋ ಸ್ವಲ್ಪವೋ. ಎಚ್ಚರವಾಗುತ್ತದೋ ಇಲ್ಲವೋ. ಕಲ್ಲೆತ್ತಿ ತೋರಿಸಬಲ್ಲವರು ಬಾಗಿಲ ಒಳಗೆ ಪಿಸುಗುಡುತ್ತಿದ್ದಾರೆ.

ದೇಹದ ಮಟ್ಟಿಗೆ ಹೇಳುವುದಾದರೆ ಇದು ಹಳೆಯ ಕಾಡಿನ ಏರ್ಪಾಡು. ಮೆದುಳಿನೊಳಗಿನ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಮೂತ್ರಪಿಂಡದ ತಲೆಯ ಮೇಲೆ ಕೂತ ಗ್ರಂಥಿಗಳು ಅಡ್ರಿನಲಿನ್ ಸುರಿಯುತ್ತವೆ, ಹಿಂದೆಯೇ ಕಾರ್ಟಿಸಾಲ್. ಎದೆ ಡವಡವ, ಬಾಯಿ ಒಣಗುವುದು, ಅಂಗೈ ತಣ್ಣಗಾಗುವುದು, ಪದೇಪದೇ ಬಾತ್‌ರೂಮಿಗೆ ಓಡುವುದು ಎಲ್ಲ ಇದರದ್ದೇ ಕೆಲಸ. ಬೆಳಿಗ್ಗೆ ಬಿಪಿ ನೋಡಿದ ಸಿಸ್ಟರ್ 'ಜಾಸ್ತಿ ಇದೆಯಲ್ಲಾ' ಅಂದರೆ ಅದು ಇನ್ನಷ್ಟು ಏರುತ್ತದೆ. ಹೆದರಿದ್ದಕ್ಕೆ ನಾಚಿಕೊಳ್ಳಬೇಕಾಗಿಲ್ಲ, 'ಧೈರ್ಯವಾಗಿರು, ಏನೂ ಆಗಲ್ಲ' ಎಂಬ ಮಾತಿಗೆ ಆ ಗ್ರಂಥಿಗಳು ಕಿವಿಗೊಡುವುದೂ ಇಲ್ಲ.

ಹಾಗಾದರೆ ಯಾವುದಕ್ಕೆ ಕಿವಿಗೊಡುತ್ತವೆ? 1964ರಲ್ಲಿ ಬಾಸ್ಟನ್ನಿನ ಅರಿವಳಿಕೆ ತಜ್ಞ ಲಾರೆನ್ಸ್ ಎಗ್ಬರ್ಟ್ ಮತ್ತು ಸಂಗಡಿಗರು, ಹೊಟ್ಟೆಯ ಆಪರೇಷನ್ನಿಗೆ ಬಂದ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಉಪಚಾರ. ಇನ್ನೊಂದು ಗುಂಪಿನವರ ಬಳಿ ಕೂತು, ಎದ್ದಮೇಲೆ ನೋವು ಎಲ್ಲಿರುತ್ತದೆ, ಯಾಕೆ ಇರುತ್ತದೆ, ಎಷ್ಟು ದಿನ ಇರುತ್ತದೆ, ಮಗ್ಗುಲಾಗುವುದು ಹೇಗೆ, ಉಸಿರೆಳೆದು ಸ್ನಾಯು ಸಡಿಲ ಬಿಡುವುದು ಹೇಗೆ ಎಂದು ಹೇಳಿಕೊಟ್ಟರು. ಅಷ್ಟೇ. ಈ ಗುಂಪಿಗೆ ಆಪರೇಷನ್ ನಂತರ ಬೇಕಾದ ಮಾರ್ಫಿನ್ ಹೆಚ್ಚುಕಡಿಮೆ ಅರ್ಧ. ಯಾರು ಯಾವ ಗುಂಪೆಂದು ತಿಳಿಯದ ಸರ್ಜನ್ನರು ಇವರನ್ನು ಸರಾಸರಿ 2.7 ದಿನ ಮೊದಲೇ ಮನೆಗೆ ಕಳಿಸಿದರು. 'ನೋವಾಗಲ್ಲ' ಎಂದು ಯಾರಿಗೂ ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ನೋವಾಗುತ್ತದೆ ಎಂದೇ ಹೇಳಿದ್ದರು.

ಎಲ್ಲರಿಗೂ ಎಲ್ಲ ಬೇಡ, ನಿಜ. ಕೆಲವರಿಗೆ ಹೊಲಿಗೆ ಎಷ್ಟೆಂಬುದೂ ಬೇಕು. ಇನ್ನು ಕೆಲವರಿಗೆ 'ನೀವುಂಟು, ದೇವರುಂಟು, ನನಗೆ ವಿವರ ಬೇಡ'. ಎರಡೂ ಸರಿಯೇ. 1996ರಲ್ಲಿ ಆಮ್ಸ್ಟರ್‌ಡ್ಯಾಮಿನ ತಜ್ಞರು ಆಪರೇಷನ್ ಮುಂಚಿನ ಆತಂಕ ಅಳೆಯಲು ಆರೇ ಪ್ರಶ್ನೆಗಳ ಅಳತೆಗೋಲು ಮಾಡಿದರು. ಅದರಲ್ಲಿ ನಾಲ್ಕು ಭಯದ ಬಗ್ಗೆ, ಉಳಿದೆರಡು ಎಷ್ಟು ತಿಳಿಯಲು ಇಷ್ಟ ಎಂಬುದರ ಬಗ್ಗೆ. ಎಷ್ಟು ಹೇಳಬೇಕೆಂದು ತೀರ್ಮಾನಿಸುವ ಹಕ್ಕು ಅಳಿಯನದಲ್ಲ, ಆಕೆಯದು. ಕೇಳಿದರಾಯಿತು.

ತಿಳಿಯಲು ಬಯಸುವವರಿಗಾಗಿ, ಆ ದಿನದ ಒಂದಿಷ್ಟು ಕಲ್ಲುಗಳನ್ನು ಇಲ್ಲೇ ಎತ್ತಿ ನೋಡೋಣ.

ಮೊದಲನೆಯದು ಕಾಫಿ. ಬೆಳಿಗ್ಗೆ ಕಾಫಿ ಇಲ್ಲವೆಂಬ ಸಂಕಟ ಸಣ್ಣದಲ್ಲ. ಸಾಮಾನ್ಯ ನಿಯಮದ ಪ್ರಕಾರ ಲಘು ಊಟಕ್ಕೂ ಆಪರೇಷನ್ನಿಗೂ ಕನಿಷ್ಠ 6 ಗಂಟೆ ಅಂತರ ಬೇಕು, ಬರೀ ನೀರಿಗೆ 2 ಗಂಟೆ. ಹಾಲು ಹೊಟ್ಟೆಗೆ ಹೋದರೆ ಊಟದ ಲೆಕ್ಕವೇ, ಆದ್ದರಿಂದ ನಮ್ಮ ಫಿಲ್ಟರ್ ಕಾಫಿಗೂ 6 ಗಂಟೆ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಮಲಗಿಬಿಡುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಪ್ರಾಣಕ್ಕೇ ಸಂಚಕಾರ. ಗೊತ್ತಿಲ್ಲದೆ ಒಂದು ಲೋಟ ಕುಡಿದಿದ್ದರೆ ಬೈಯುತ್ತಾರೆಂದು ಮುಚ್ಚಿಡಬೇಡಿ. ಬಿಪಿ, ಸಕ್ಕರೆ ಮಾತ್ರೆಗಳಲ್ಲಿ ಯಾವುದು ನುಂಗಬೇಕು, ಯಾವುದು ಬಿಡಬೇಕೆಂದು ಅರಿವಳಿಕೆ ವೈದ್ಯರನ್ನೇ ಕೇಳಿ. ಊರಿನ ಕಷಾಯ, ಲೇಹ್ಯ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ರಕ್ತ ತೆಳುವಾಗಿಸುವ ಗುಣ ಕೆಲವದಕ್ಕಿರುತ್ತದೆ.

ಎರಡನೆಯದು ತಾಳಿ. ಯಾವ ವೈದ್ಯಕೀಯ ಪುಸ್ತಕವೂ ಇದಕ್ಕೊಂದು ಅಧ್ಯಾಯ ಕೊಟ್ಟದ್ದನ್ನು ನಾನು ಕಂಡಿಲ್ಲ. ಆದರೆ ಚಾಕುವಿಗೆ ಹೆದರದ ಎಷ್ಟೋ ಹೆಂಗಸರ ಕಣ್ಣಲ್ಲಿ ನೀರು ಬರುವುದು 'ಎಲ್ಲ ಬಿಚ್ಚಿಕೊಡಿ' ಎಂದಾಗ. ಸರ್ಜನ್ನರು ಕೊಯ್ಯುವುದಕ್ಕೂ ರಕ್ತ ನಿಲ್ಲಿಸುವುದಕ್ಕೂ ಕರೆಂಟಿನ ಉಪಕರಣ ಬಳಸುತ್ತಾರೆ; ಮೈಮೇಲಿನ ಲೋಹ ಸುಟ್ಟಗಾಯ ಮಾಡಬಹುದು. ಕತ್ತಿನ ಸರ ಕೊಯ್ಯುವ ಜಾಗದ ಪಕ್ಕದಲ್ಲೇ ಇರುತ್ತದೆ. ಬಳೆ, ಉಂಗುರಗಳು ಕೈ ಊದಿದರೆ ಸಿಕ್ಕಿಕೊಳ್ಳುತ್ತವೆ. ಉಗುರುಬಣ್ಣ ಬೆರಳಿಗೆ ಸಿಕ್ಕಿಸುವ, ಆಮ್ಲಜನಕ ಅಳೆಯುವ ಯಂತ್ರವನ್ನು ದಾರಿತಪ್ಪಿಸಬಹುದು. ಕಾರಣ ಹೀಗೆ ಹೇಳಿದರೆ ಒಪ್ಪದ ಹೆಂಗಸಿಲ್ಲ. ಹಿಂದಿನ ದಿನ ಮನೆಯಲ್ಲೇ, ಕೈಯಾರೆ ಬಿಚ್ಚಿ ದೇವರ ಮುಂದಿಟ್ಟು ಬರುವುದಕ್ಕೂ, ಸ್ಟ್ರೆಚರಿನ ಮೇಲೆ ಅವಸರದಲ್ಲಿ ಬಿಚ್ಚಿಸಿಕೊಳ್ಳುವುದಕ್ಕೂ ಅಜಗಜಾಂತರ. ಬದಲಿಗೆ ಅರಿಶಿನದ ದಾರ ಕಟ್ಟಿಕೊಳ್ಳಬಹುದೇ ಎಂದು ಸಿಸ್ಟರನ್ನು ಕೇಳಲು ಸಂಕೋಚ ಬೇಡ.

ಒಳಗೆ ಹೋದಮೇಲೆ ಒಬ್ಬರಾದಮೇಲೆ ಒಬ್ಬರು ಬಂದು ಹೆಸರೇನು, ಯಾವ ಕಡೆ ಆಪರೇಷನ್ ಎಂದು ಕೇಳುತ್ತಾರೆ. 'ಇವರಿಗೇ ಗೊತ್ತಿಲ್ಲವೇ?' ಎಂದು ಗಾಬರಿಯಾಗುವುದು ಸಹಜ. ಅದು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷತಾ ಪಟ್ಟಿಯ ರೀತಿ, ತಪ್ಪಾಗದಿರಲೆಂದೇ ಕೇಳುವುದು. ಆಪರೇಷನ್ ಕೋಣೆ ಚಳಿಚಳಿ ಇರುತ್ತದೆ, ಹೊದಿಕೆ ಕೇಳಿ. ನಿದ್ದೆ ಬರಿಸುವ ಔಷಧ ಸಾಮಾನ್ಯವಾಗಿ ಹಾಲಿನಂತೆ ಬೆಳ್ಳಗಿರುತ್ತದೆ, ರಕ್ತನಾಳದಲ್ಲಿ ಹರಿಯುವಾಗ ತುಸು ಉರಿಯುತ್ತದೆ. ಅದಾದಮೇಲೆ ನಿಮಗೆ ನೆನಪಿರುವುದು ಎಚ್ಚರವಾದದ್ದೇ. ನಡುವೆ ಎಚ್ಚರವಾದರೆ ಎಂಬ ಭಯಕ್ಕೆ ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ದೊಡ್ಡ ಸಮೀಕ್ಷೆಯನ್ನೇ ಮಾಡಿದರು. 2014ರಲ್ಲಿ ಬಂದ ಅದರ ವರದಿಯಂತೆ ಹಾಗಾಯಿತೆಂದು ಹೇಳಿಕೊಂಡವರು ಸುಮಾರು 19,000 ಅರಿವಳಿಕೆಗೆ ಒಬ್ಬರು.

ಎದ್ದಮೇಲೆ ಗಂಟಲು ಕೆರೆಯಬಹುದು, ಉಸಿರಾಟದ ಕೊಳವೆ ಹಾಕಿದ್ದರಿಂದ. ಕಂಕುಳಿನ ದುಗ್ಧಗ್ರಂಥಿ ಹುಡುಕಲು ನೀಲಿ ಬಣ್ಣ ಚುಚ್ಚಿದ್ದರೆ ಒಂದೆರಡು ದಿನ ಮೂತ್ರ ಹಸಿರು-ನೀಲಿ. ಮೊದಲೇ ಹೇಳದಿದ್ದರೆ ಇದನ್ನು ನೋಡಿ ಹೌಹಾರದವರಿಲ್ಲ. ಪಕ್ಕದಲ್ಲಿ ಸಣ್ಣ ಪೈಪು, ಅದರ ತುದಿಗೆ ನೀರು ತುಂಬುವ ಡಬ್ಬಿ ಇದ್ದರೆ ಅದೊಂದು ತೊಡಕೇನಲ್ಲ. ಕೆಲ ದಿನಗಳಲ್ಲಿ ಒಸರು ಕಡಿಮೆಯಾದಾಗ ತೆಗೆಯುತ್ತಾರೆ. ತೋಳಿನ ಒಳಭಾಗ ಜೋಮು ಹಿಡಿದಂತಿರಬಹುದು. ತಲೆಯ ಮೇಲಿಂದ ಹಾಕುವ ಬಟ್ಟೆ ಕೆಲವು ವಾರ ಕಷ್ಟ, ಮುಂದೆ ಗುಂಡಿಯಿರುವ ನೈಟಿ ಎರಡು ಹೊಲಿಸಿಟ್ಟುಕೊಳ್ಳಿ. ಕೈಗೆ ಒರಗಲು ಒಂದು ಸಣ್ಣ ದಿಂಬು. ಹೊರಗೆ ಕಾಯುವವರಿಗೂ ಒಂದು ಮಾತು: ಆಪರೇಷನ್ ಎರಡು ಗಂಟೆಯದಾದರೂ ತಯಾರಿ, ಎಚ್ಚರಗೊಳಿಸುವುದು ಸೇರಿ ಆಕೆ ಈಚೆ ಬರುವಾಗ ನಾಲ್ಕೈದು ಗಂಟೆಯಾದೀತು. ಗಡಿಯಾರ ನೋಡಿ ಕೆಟ್ಟದ್ದು ಊಹಿಸಬೇಡಿ.

ಭಯಕ್ಕೆ ಇನ್ನೊಂದು ಕೆಟ್ಟ ಚಾಳಿಯಿದೆ, ಅದು ನಮ್ಮ ಪರವಾಗಿ ತೀರ್ಮಾನ ಮಾಡಿಬಿಡುತ್ತದೆ. 'ಪೂರ್ತಿ ತೆಗೆದುಬಿಡಿ, ಪೀಡೆ ಹೋಗಲಿ' ಎನ್ನುವವರು ಬಹಳ. ಅಮೆರಿಕದ ಬರ್ನಾರ್ಡ್ ಫಿಶರ್ 1,851 ಹೆಂಗಸರನ್ನು 20 ವರ್ಷ ಹಿಂಬಾಲಿಸಿ 2002ರಲ್ಲಿ ಕೊಟ್ಟ ಉತ್ತರ ಸ್ಪಷ್ಟ: ತಕ್ಕ ಗಾತ್ರದ ಗಡ್ಡೆಗಳಲ್ಲಿ, ಗಡ್ಡೆಯನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟವರೂ ಪೂರ್ತಿ ಸ್ತನ ತೆಗೆಸಿದವರೂ ಬದುಕಿದ ಲೆಕ್ಕದಲ್ಲಿ ಸಮಸಮ. ನಿಮಗೆ ಯಾವುದು ಹೊಂದುತ್ತದೆಂದು ಕೇಳಿ. ಬ್ಲೌಸು ಹೇಗೆ ಕೂರುತ್ತದೆ, ಗಂಡ ಏನೆಂದುಕೊಂಡಾನು ಎಂಬ ಬಾಯಿಬಿಟ್ಟು ಆಡದ ಪ್ರಶ್ನೆಗಳಿಗೂ ಉತ್ತರಗಳಿವೆ, ಆದರೆ ಆಪರೇಷನ್ನಿಗೆ ಮೊದಲೇ ಕೇಳಬೇಕು. ದಿನಾಂಕ ಒಂದೆರಡು ವಾರ ಆಚೆ ಸಿಕ್ಕಿತೆಂದು ಕಂಗಾಲಾಗುವುದು ಬೇಡ. ಬಹುಪಾಲು ಗಡ್ಡೆಗಳು ಬೆಳೆಯಲು ವರ್ಷಗಳನ್ನೇ ತೆಗೆದುಕೊಂಡಿರುತ್ತವೆ. ಆಷಾಢ ಕಳೆಯಲಿ, ಮಗಳ ಮದುವೆ ಮುಗಿಯಲಿ ಎಂದು ತಿಂಗಳುಗಟ್ಟಲೆ ತಳ್ಳುವುದು ಬೇರೆ ಮಾತು, ಅದು ಕೂಡದು.

ರಾತ್ರಿಯ ಡವಡವಕ್ಕೆ? ನಿಮಿಷಕ್ಕೆ ಆರರಂತೆ ನಿಧಾನ ಉಸಿರು, ಒಳಗೆಳೆದದ್ದಕ್ಕಿಂತ ಹೊರಬಿಡುವುದು ಉದ್ದ. ಇದು ವೇಗಸ್ ಎಂಬ ನರದ ಮೂಲಕ ಹೃದಯಕ್ಕೆ ಲಗಾಮು ಹಾಕುತ್ತದೆ. ಅಭ್ಯಾಸ ವಾರ ಮೊದಲೇ ಶುರುವಾದರೆ ಒಳ್ಳೆಯದು. ನ್ಯೂಯಾರ್ಕಿನಲ್ಲಿ ಸ್ತನದ ಆಪರೇಷನ್ನಿಗೆ ಬಂದ 200 ಹೆಂಗಸರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆಪರೇಷನ್ನಿನ ದಿನವೇ ಅದಕ್ಕೆ ಮುಂಚೆ 15 ನಿಮಿಷ ಮನಶ್ಶಾಸ್ತ್ರಜ್ಞರಿಂದ ಸಮ್ಮೋಹನದ ವಿಶ್ರಾಂತಿ ಪಡೆದವರಿಗೆ ನೋವು, ವಾಕರಿಕೆ, ಸುಸ್ತು ಕಡಿಮೆಯಾದವು. ಅರಿವಳಿಕೆ ಔಷಧವೂ ಕಡಿಮೆ ಸಾಕಾಯಿತು. ಅಂಥ ಸೌಕರ್ಯ ನಮ್ಮಲ್ಲಿ ಅಪರೂಪ. ಹಾಡು ಕೇಳುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಡ, ಅದೂ ಆತಂಕ ಇಳಿಸುತ್ತದೆಂದು ಅಧ್ಯಯನಗಳಿವೆ. ಹಲವು ರಾತ್ರಿ ನಿದ್ದೆಯೇ ಇಲ್ಲವೆಂದರೆ ವೈದ್ಯರಿಗೆ ಹೇಳಿ, ಅದಕ್ಕೆ ಮಾತ್ರೆಯಿದೆ. ಪಕ್ಕದ ಮನೆಯವರ ನಿದ್ದೆಮಾತ್ರೆ ಮುಟ್ಟಬೇಡಿ.

ಆಪರೇಷನ್ನಿಗೆ ಮೊದಲು 'ಫಿಟ್‌ನೆಸ್'ಗೆಂದು ಅರಿವಳಿಕೆ ವೈದ್ಯರ ಬಳಿ ಕಳಿಸುತ್ತಾರಲ್ಲ, ಅದನ್ನು ಸಹಿ ಹಾಕಿಸುವ ಶಾಸ್ತ್ರವೆಂದು ಮುಗಿಸಬೇಡಿ. ಅವತ್ತು ಪ್ರಶ್ನೆಗಳ ಚೀಟಿ ಅಮ್ಮನ ಕೈಯಲ್ಲಿರಲಿ. ವೈದ್ಯರ ಎದುರಿನ ಕುರ್ಚಿಯಲ್ಲಿ ಅವರೇ ಕೂರಲಿ, ನೀವು ಹಿಂದೆ ನಿಂತಿರಿ.