ಸರ್ವಿಸ್ ಚಾರ್ಜು ಎಂಬ ಎರಡನೇ ದರ

ಮೈಸೂರಿನ ಸಾಮಾನ್ಯ ಹೋಟೆಲಿನಲ್ಲಿ ದರ ಮುಚ್ಚಿಡುವ ವಿಷಯವಲ್ಲ. ಗಲ್ಲಾದ ಹಿಂದಿನ ಗೋಡೆಯಲ್ಲಿ ಬೋರ್ಡು ಇರುತ್ತದೆ. ರಾಜೀವನಗರದಲ್ಲಿ ಬಿರಿಯಾನಿ ತಿನ್ನಲು ಕೂತವರಿಗೆ ಹಾಫ್‌ಗೆ ಎಷ್ಟು, ಫುಲ್‌ಗೆ ಎಷ್ಟು ಎಂಬುದು ತಟ್ಟೆ ಬರುವ ಮೊದಲೇ ಗೊತ್ತು. ಅಡುಗೆಯವರ ಸಂಬಳ, ಸಪ್ಲೈಯರ್ ಕೂಲಿ, ಮೇಜು ಒರೆಸುವವರ ದಿನಗೂಲಿ, ಗ್ಯಾಸು, ಬಾಡಿಗೆ, ಮಾಲೀಕರ ಲಾಭ ಎಲ್ಲವೂ ಆ ಒಂದು ಅಂಕಿಯೊಳಗೇ ಸೇರಿರುತ್ತವೆ. ಅದೇ ರಾಜೀವನಗರದ ಕುಟುಂಬವೊಂದು ಮಗಳ ಪಿಯುಸಿ ಫಲಿತಾಂಶದ ಖುಷಿಗೆ ನಗರದ ದುಬಾರಿ ರೆಸ್ಟೊರೆಂಟೊಂದಕ್ಕೆ ಹೋಯಿತು ಎಂದುಕೊಳ್ಳಿ. ಐದು ಜನರ ಊಟ ಮೆನು ಕಾರ್ಡಿನ ಲೆಕ್ಕದಲ್ಲಿ 3,000 ರೂಪಾಯಿ. ಕೊನೆಗೆ ಸೋಂಪು, ಕಲ್ಲುಸಕ್ಕರೆಯ ಜೊತೆ ಬರುವ ಬಿಲ್ಲಿನಲ್ಲಿ ಆ ಮೊತ್ತದ ಕೆಳಗೆ ಶೇ 10ರಂತೆ ಸರ್ವಿಸ್ ಚಾರ್ಜು 300 ರೂಪಾಯಿ, ಅದರ ಕೆಳಗೆ ಸಿಜಿಎಸ್‌ಟಿ 82.50, ಎಸ್‌ಜಿಎಸ್‌ಟಿ 82.50. ಒಟ್ಟು 3,465. ತೆರಿಗೆಯನ್ನು 3,000ಕ್ಕಲ್ಲ, 3,300ಕ್ಕೆ ಹಾಕಲಾಗಿದೆ. ಸರ್ವಿಸ್ ಚಾರ್ಜು ಇಲ್ಲದಿದ್ದರೆ 3,150ಕ್ಕೆ ಮುಗಿಯುತ್ತಿತ್ತು. ದಿನದ ಬಾಡಿಗೆ 7,500 ರೂಪಾಯಿ ಮೀರಿದ ರೂಮುಗಳಿರುವ ಹೋಟೆಲಿನ ರೆಸ್ಟೊರೆಂಟಾದರೆ ಜಿಎಸ್‌ಟಿ ಶೇ 18. ಅಲ್ಲಿ ಇದೇ ಊಟಕ್ಕೆ 3,894 ಆಗುತ್ತದೆ, ಆಗಬೇಕಾದದ್ದು 3,540.

ಈ 300 ರೂಪಾಯಿ ಸರ್ಕಾರಕ್ಕೆ ಹೋಗುವ ತೆರಿಗೆ ಎಂದೇ ಎಷ್ಟೋ ಜನ ಇಂದಿಗೂ ನಂಬಿದ್ದಾರೆ. ಹಾಗೆ ನಂಬಲು ಕಾರಣವೂ ಇದೆ. 2011ರಿಂದ ಜಿಎಸ್‌ಟಿ ಬರುವವರೆಗೆ ಎಸಿ ರೆಸ್ಟೊರೆಂಟುಗಳ ಬಿಲ್ಲಿನಲ್ಲಿ ಸೇವಾ ತೆರಿಗೆ ಎಂಬ ಸಾಲು ನಿಜಕ್ಕೂ ಇತ್ತು. ಅದರ ಪಕ್ಕದಲ್ಲೇ ಸರ್ವಿಸ್ ಚಾರ್ಜೂ ಇರುತ್ತಿತ್ತು. ಎರಡೂ ಒಂದೇ ಎಂಬ ಭಾವನೆ ಆಗ ಬೇರೂರಿತು. ಸೇವಾ ತೆರಿಗೆ 2017ರ ಜುಲೈ 1ಕ್ಕೆ ಹೋಯಿತು, ಸರ್ವಿಸ್ ಚಾರ್ಜು ಉಳಿಯಿತು. ಅದು ತೆರಿಗೆಯಲ್ಲ. ರೆಸ್ಟೊರೆಂಟು ತಾನೇ ಹಾಕಿ, ತಾನೇ ಇಟ್ಟುಕೊಳ್ಳುವ ಹಣ.

ದುಬಾರಿ ಊಟವೇ ತಪ್ಪು ಎನ್ನುವವರ ಸಾಲಿಗೆ ನಾನು ಸೇರುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ 1921ರಲ್ಲಿ ವೈಸ್‌ರಾಯ್ ಅತಿಥಿಗಳಿಗೆಂದು ಕಟ್ಟಿಸಿದ ಲಲಿತಮಹಲ್ 1974ರಲ್ಲಿ ಹೋಟೆಲಾದ ಮೇಲೆ ಅದರ ನೃತ್ಯಾಂಗಣವೇ ಊಟದ ಹಾಲ್ ಆಯಿತು. ಬಣ್ಣದ ಗಾಜಿನ ಗುಮ್ಮಟದ ಕೆಳಗೆ ಕೂತು ಉಣ್ಣುವವರು ಅನ್ನ-ಸಾರಿಗೆ ಮಾತ್ರ ದುಡ್ಡು ಕೊಡುವುದಿಲ್ಲ. ಎತ್ತರದ ಚಾವಣಿಗೆ, ಇಸ್ತ್ರಿ ಮಾಡಿದ ಮೇಜುಬಟ್ಟೆಗೆ, ಪಕ್ಕದ ಮೇಜಿನ ಮಾತು ಕೇಳಿಸದಷ್ಟು ಅಂತರಕ್ಕೆ, ಯಾರೂ ಏಳಿಸದ ಒಂದೂವರೆ ಗಂಟೆಗೆ ಅವರು ಬೆಲೆ ತೆರುತ್ತಾರೆ. ದರ್ಶಿನಿಯಲ್ಲಿ ಒಂದು ಮೇಜಿನ ಸುತ್ತ ಗಂಟೆಗೆ ಹತ್ತಾರು ಜನ ನಿಂತು ತಿಂದು ಹೋಗುತ್ತಾರೆ. ಇಲ್ಲಿ ಅದೇ ಹೊತ್ತಿನಲ್ಲಿ ನಾಲ್ಕೇ ಜನ. ಆ ವ್ಯತ್ಯಾಸವನ್ನು ಮೆನುವಿನ ದರವೇ ತುಂಬಿಕೊಡಬೇಕು, ತುಂಬಿಕೊಡುತ್ತಲೂ ಇದೆ. ನನ್ನ ವಾದ ಇಷ್ಟೆ: ದರ ಎಷ್ಟೇ ಇರಲಿ, ಅದನ್ನು ಒಂದೇ ಸಲ ಹೇಳಬೇಕು. ಮೆನುವಿನಲ್ಲಿ ಸೇವೆಗೆ ಬೆಲೆ ಕಟ್ಟಿ, ಬಿಲ್ಲಿನಲ್ಲಿ ಅದೇ ಸೇವೆಗೆ ಇನ್ನೊಮ್ಮೆ ಕೇಳುವುದು ಅನ್ಯಾಯ.

ಸೇವೆ ದರದೊಳಗೇ ಇದೆ ಎಂಬುದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ. ಹೋಟೆಲ್ ಉದ್ಯಮ ನ್ಯಾಯಾಲಯಗಳಲ್ಲಿ ತಾನೇ ಅದನ್ನು ಹೇಳುತ್ತ ಬಂದಿದೆ. ರೆಸ್ಟೊರೆಂಟಿನಲ್ಲಿ ಊಟ ಬಡಿಸುವುದು ಸರಕಿನ ಮಾರಾಟವಲ್ಲ, ಸೇವೆ. ಅದಕ್ಕೆ ಮಾರಾಟ ತೆರಿಗೆ ಸಲ್ಲದು ಎಂದು ನಾರ್ದರ್ನ್ ಇಂಡಿಯಾ ಕೇಟರರ್ಸ್ ಕಂಪನಿ ಹೂಡಿದ ವಾದವನ್ನು ಸುಪ್ರೀಂ ಕೋರ್ಟ್ 1978ರಲ್ಲಿ ಒಪ್ಪಿತು. ಆ ತೀರ್ಪನ್ನು ದಾಟಲು ಸಂಸತ್ತು 1982ರಲ್ಲಿ ಸಂವಿಧಾನಕ್ಕೇ 46ನೇ ತಿದ್ದುಪಡಿ ತರಬೇಕಾಯಿತು. ಮುಂದೆ ಸೇವಾ ತೆರಿಗೆಯ ಕಾಲದಲ್ಲಿ, 2012ರ ನಿಯಮದಂತೆ, ರೆಸ್ಟೊರೆಂಟ್ ಬಿಲ್ಲಿನ ನೂರರಲ್ಲಿ ನಲವತ್ತು ಪಾಲನ್ನು ಸೇವೆಯ ಮೌಲ್ಯವೆಂದು ಹಿಡಿಯಲಾಗುತ್ತಿತ್ತು. ಈಗ ಜಿಎಸ್‌ಟಿಯಲ್ಲಿ ರೆಸ್ಟೊರೆಂಟ್ ಊಟ ಇಡಿಯಾಗಿ ಸೇವೆಯೆಂದೇ ಲೆಕ್ಕ. ಎಲ್ಲಕ್ಕಿಂತ ಸ್ಪಷ್ಟವಾದದ್ದು 2017ರ ಡಿಸೆಂಬರ್ 12ರ ಸುಪ್ರೀಂ ಕೋರ್ಟ್ ತೀರ್ಪು. ಬಾಟಲಿ ನೀರನ್ನು ಎಂಆರ್‌ಪಿಗಿಂತ ಹೆಚ್ಚಿಗೆ ಮಾರಬಹುದೇ ಎಂಬ ಪ್ರಶ್ನೆಗೆ, ಮಾರಬಹುದು ಎಂಬ ಉತ್ತರವನ್ನು ಹೋಟೆಲ್ ಒಕ್ಕೂಟ ಅಂದು ಗೆದ್ದುಕೊಂಡಿತು. ಗ್ರಾಹಕ ನೀರಿನ ಬಾಟಲಿ ಕೊಳ್ಳಲೆಂದೇ ಹೋಟೆಲಿಗೆ ಹೋಗುವುದಿಲ್ಲ, ಅಲ್ಲಿನ ವಾತಾವರಣ, ಉಪಚಾರವೂ ಸೇರಿದ ಒಟ್ಟು ಅನುಭವಕ್ಕೆ ಹೋಗುತ್ತಾನೆ, ಬಾಟಲಿಯ ದರದಲ್ಲಿ ಅದೂ ಸೇರಿದೆ ಎಂಬುದು ಆ ಗೆಲುವಿನ ತಿರುಳು. ಹಾಗಾದರೆ ಇಪ್ಪತ್ತು ರೂಪಾಯಿಯ ನೀರಿಗೆ ಎಂಬತ್ತು ಪಡೆದಾಗಲೇ ಉಪಚಾರದ ಹಣ ಸಂದಾಯವಾಯಿತು. ಆ ಎಂಬತ್ತರ ಮೇಲೆ ಮತ್ತೆ ಎಂಟು ರೂಪಾಯಿ ಸರ್ವಿಸ್ ಚಾರ್ಜು ಯಾವ ಸೇವೆಗೆ?

ಕಾನೂನೂ ನಿಧಾನವಾಗಿ ಈ ಕಡೆಗೇ ಬಂದಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಯಾವ ಹೋಟೆಲೂ ಬಿಲ್ಲಿಗೆ ತಾನಾಗಿಯೇ ಸರ್ವಿಸ್ ಚಾರ್ಜು ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲಿ ವಸೂಲಿ ಮಾಡುವಂತಿಲ್ಲ, ಕೊಡದವರನ್ನು ಒಳಗೆ ಬಿಡದೆ ಇರುವಂತಿಲ್ಲ, ಅದನ್ನು ಊಟದ ಮೊತ್ತಕ್ಕೆ ಕೂಡಿಸಿ ಜಿಎಸ್‌ಟಿ ಹಾಕುವಂತಿಲ್ಲ. ಎರಡು ಹೋಟೆಲ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋಗಿ ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ಹೈಕೋರ್ಟ್ ಆ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು, ಎರಡೂ ಸಂಘಗಳಿಗೆ ತಲಾ 1 ಲಕ್ಷ ರೂಪಾಯಿ ವೆಚ್ಚ ವಿಧಿಸಿತು. ಸಂಘಗಳು ಮೇಲ್ಮನವಿ ಹೂಡಿವೆ.

ಈ ಹಣ ಸಪ್ಲೈಯರುಗಳ, ಕ್ಲೀನರುಗಳ ಹೊಟ್ಟೆಗೆ ಹೋಗುತ್ತದೆ, ಅದನ್ನು ನಿಲ್ಲಿಸಿದರೆ ಬಡವರ ತಟ್ಟೆಗೇ ಕಲ್ಲು ಎಂಬುದು ಉದ್ಯಮ ಮುಂದಿಡುವ ಆಕ್ಷೇಪಗಳಲ್ಲಿ ಬಲವಾದದ್ದು. ಟಿಪ್ಸ್ ಬರುವುದು ಮೇಜಿನ ಬಳಿ ಓಡಾಡುವವರಿಗೆ ಮಾತ್ರ, ಒಳಗೆ ಪಾತ್ರೆ ತೊಳೆಯುವವರಿಗೆ ಬರುವುದಿಲ್ಲ, ಎಲ್ಲರಿಗೂ ಹಂಚಲು ಸರ್ವಿಸ್ ಚಾರ್ಜೇ ದಾರಿ ಎಂದೂ ಹೇಳುತ್ತಾರೆ. ಪಾತ್ರೆ ತೊಳೆಯುವವರ ಬಗೆಗಿನ ಈ ಕಳಕಳಿ ನ್ಯಾಯವಾದದ್ದೇ. ಆದರೆ ಅವರ ಸಂಬಳ ಮಾಲೀಕರ ಜವಾಬ್ದಾರಿ, ಹೋಟೆಲ್ ಕೆಲಸಕ್ಕೆ ರಾಜ್ಯದಲ್ಲಿ ಕನಿಷ್ಠ ವೇತನವೂ ಗೊತ್ತುಪಡಿಸಲಾಗಿದೆ. ಊಟ ಮಾಡಿದವರ ಕೈಯಲ್ಲಿರುವ ಬಿಲ್ಲು, ಆ 300 ರೂಪಾಯಿಯಲ್ಲಿ ಪಾತ್ರೆ ತೊಳೆದವರಿಗೆ ಎಷ್ಟು ತಲುಪಿತು ಎಂಬುದನ್ನು ಹೇಳುವುದಿಲ್ಲ. ಕಾರ್ಮಿಕರಿಗೆ ಹೆಚ್ಚು ಕೊಡಬೇಕೆಂದರೆ 300 ರೂಪಾಯಿಯ ಪಲ್ಯವನ್ನು 330 ಮಾಡಿ ಸಂಬಳ ಏರಿಸಲು ಯಾರೂ ಅಡ್ಡ ಬಂದಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹಾಗಿರಲಿಲ್ಲ. ಹೋಟೆಲ್ ತಿಂಡಿಗೆ ಸರ್ಕಾರವೇ ತೀರಾ ಕಡಿಮೆ ದರ ಗೊತ್ತುಮಾಡಿದಾಗ, ಗುಣಮಟ್ಟ ಬಿಡಲೊಲ್ಲದ ಬೆಂಗಳೂರಿನ ಎಂಟಿಆರ್ ಇಕ್ಕಟ್ಟಿಗೆ ಸಿಕ್ಕಿ ರೆಡಿ ಮಿಕ್ಸ್‌ಗಳ ವ್ಯಾಪಾರಕ್ಕೆ ಇಳಿಯಿತು. ಇಂದು ಅಂಥ ಕಟ್ಟು ಯಾವುದೂ ಇಲ್ಲ.

ಮತ್ತೇಕೆ ದರ ಏರಿಸುವುದಿಲ್ಲ? ಮೊಬೈಲಿನಲ್ಲಿ ಎರಡು ರೆಸ್ಟೊರೆಂಟುಗಳ ಮೆನು ಹೋಲಿಸುವವರು 300 ಕಂಡರೆ ಒಳಗೆ ಬರುತ್ತಾರೆ, 330 ಕಂಡರೆ ಯೋಚಿಸುತ್ತಾರೆ. ಉಳಿದ 30 ಕಾಣಿಸುವುದು ಉಂಡಾದ ಮೇಲೆ. ಪ್ರಾಮಾಣಿಕವಾಗಿ 330 ಎಂದು ಬರೆದ ಪಕ್ಕದ ರೆಸ್ಟೊರೆಂಟು ಇದರಿಂದ ಗಿರಾಕಿ ಕಳೆದುಕೊಳ್ಳುತ್ತದೆ ಎಂಬುದು ನನಗೆ ಗ್ರಾಹಕರ ನಷ್ಟದಷ್ಟೇ ಬೇಸರದ ಸಂಗತಿ.

ಮೆನುವಿನ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೇವೆ, ಓದಿ ಆರ್ಡರ್ ಮಾಡಿದವರು ಒಪ್ಪಿದಂತೆಯೇ ಅಲ್ಲವೇ ಎಂದೂ ಕೇಳುತ್ತಾರೆ. ಆ ಸಾಲು ಕಣ್ಣಿಗೆ ಬೀಳುವ ಹೊತ್ತನ್ನು ನೋಡಿ. ಕುರ್ಚಿ ಎಳೆದು ಕೂರಿಸಿದ್ದಾರೆ, ಮಕ್ಕಳು ಕೂತಾಗಿದೆ, ಅಜ್ಜಿಗೆ ನೀರು ಬಡಿಸಿಯಾಗಿದೆ. ಮೊದಲ ಸಲ ಇಂಥ ಜಾಗಕ್ಕೆ ಬಂದ ಅಪ್ಪ, ಬೀಗರೋ ನೆಂಟರೋ ಎದುರಿಗಿರುವಾಗ, ಶೇ 10ಕ್ಕೆಂದು ಎದ್ದು ಹೊರಡುತ್ತಾರೆಯೇ? ಬಿಲ್ಲು ಬಂದ ಮೇಲೂ ‘ಇದನ್ನು ತೆಗೆಯಿರಿ’ ಎನ್ನಲು ನಾಲಿಗೆ ಏಳುವುದಿಲ್ಲ. ಮರ್ಯಾದೆಗೆ ಅಂಜುವ ಮನಸ್ಸಿನಿಂದ ವಸೂಲಾಗುವ ಹಣವನ್ನು ಒಪ್ಪಂದ ಎನ್ನಲಾಗದು. ಉಳ್ಳವರಿಗೆ 300 ರೂಪಾಯಿ ಏನು ಮಹಾ ಎನ್ನುವವರು, ವರ್ಷಕ್ಕೊಮ್ಮೆ ಕೂಡಿಟ್ಟು ಬರುವ ಈ ಮನೆಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಇದಕ್ಕೆ ಪರಿಹಾರ ಕರ್ನಾಟಕದ ಹೋಟೆಲುಗಳಲ್ಲೇ ಬಹಳ ಕಾಲದಿಂದ ಇದೆ. ಒಂದೇ ಕಟ್ಟಡದಲ್ಲಿ ಕೆಳಗೆ ಸೆಲ್ಫ್ ಸರ್ವಿಸ್, ಪಕ್ಕದಲ್ಲಿ ಕೂತು ತಿನ್ನುವ ಹಾಲ್, ಮೇಲೆ ಎಸಿ ರೂಂ. ಮೂರು ಕಡೆಯೂ ಅದೇ ಕಾವಲಿಯ ಮಸಾಲೆ ದೋಸೆ, ಮೂರು ಬೇರೆ ದರಪಟ್ಟಿ. ಎಸಿಯಲ್ಲಿ ಕೂತವರು ಇಪ್ಪತ್ತು-ಮೂವತ್ತು ರೂಪಾಯಿ ಹೆಚ್ಚು ಕೊಡುತ್ತಾರೆ, ಯಾಕೆಂದು ಅವರಿಗೆ ಗೊತ್ತು, ಯಾರೂ ತಕರಾರು ತೆಗೆಯುವುದಿಲ್ಲ. ಸೇವೆಗೆ ಬೆಲೆಯಿದೆ ಎಂಬುದನ್ನು ಈ ವ್ಯವಸ್ಥೆ ಮರೆಮಾಚದೆ ಹೇಳುತ್ತದೆ, ಆಯ್ಕೆಯನ್ನು ಕೂರುವ ಮೊದಲೇ ಕೊಡುತ್ತದೆ. ದುಬಾರಿ ರೆಸ್ಟೊರೆಂಟುಗಳು ಇದನ್ನೇ ಪಾಲಿಸಿದರೆ ಸಾಕು.

ಅಲ್ಲಿಯವರೆಗೆ ಊಟಕ್ಕೆ ಹೋಗುವವರು ಆರ್ಡರ್ ಕೊಡುವ ಮೊದಲೇ ಸರ್ವಿಸ್ ಚಾರ್ಜು ಇದೆಯೇ ಎಂದು ಕೇಳಬೇಕು. ಬಿಲ್ಲಿನಲ್ಲಿ ಕಂಡರೆ ತೆಗೆದು ಹೊಸ ಬಿಲ್ಲು ಕೊಡಿ ಎನ್ನಬಹುದು. ಒಪ್ಪದಿದ್ದರೆ ಬಿಲ್ಲಿನ ಫೋಟೊ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಇನ್ನು ಟಿಪ್ಸ್ ಕೊಡುವ ಮನಸ್ಸಿದ್ದರೆ ಅದನ್ನು ಯಾವ ಮಾರ್ಗಸೂಚಿಯೂ ತಡೆದಿಲ್ಲ. ಚೆನ್ನಾಗಿ ನೋಡಿಕೊಂಡ ಸಪ್ಲೈಯರ್ ಕೈಗೇ ಕೊಡಬಹುದು, ಒಳಗಿನವರಿಗೂ ಒಂದಿಷ್ಟು ಇರಲಿ ಎಂದು ಬೇರೆ ನೋಟನ್ನೇ ಇಡಬಹುದು.