ಮಡಿಲಿನಿಂದ ಕಡತಕ್ಕೆ: ಅಂತರದೇಶೀಯ ದತ್ತುವಿನ ದಾಖಲೆಗಳು

ಜನಪದ ಸಮಾಜದಲ್ಲಿ ದತ್ತುಸ್ವೀಕಾರವು ಮೂಲತಃ ಸಾಕ್ಷಿಗಳ ಎದುರು ನಡೆಯುವ ಕ್ರಿಯೆ. ಹೆತ್ತವರು ಮಗುವನ್ನು ಎತ್ತಿಕೊಡುವುದು, ಸಾಕುವವರು ಮಡಿಲಲ್ಲಿ ಪಡೆಯುವುದು, ಬಂಧುಬಳಗ ಅದನ್ನು ಕಣ್ಣಾರೆ ಕಾಣುವುದು ಇಲ್ಲಿ ಮುಖ್ಯ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯೂ ದತ್ತಹೋಮವನ್ನು ಕಡ್ಡಾಯಗೊಳಿಸದೆ, ಕೊಡುವ ಮತ್ತು ಕೊಳ್ಳುವ ಕ್ರಿಯೆಯನ್ನು ಮಾತ್ರ ಅಗತ್ಯವೆಂದು ಉಳಿಸಿಕೊಂಡಿತು. ಮಗುವಿನ ಮೂಲವು ಊರಿನ ನೆನಪಿನಲ್ಲಿ ಇರುತ್ತಿತ್ತು. ಮಗು ಕಡಲು ದಾಟಿದಾಗ ಈ ಸಾಕ್ಷಿಬಳಗ ಹಿಂದೆ ಉಳಿಯುತ್ತದೆ. ಅದರ ಸ್ಥಾನದಲ್ಲಿ ಕಡತ ನಿಲ್ಲುತ್ತದೆ.

ಹಿಂದೆ ವಿದೇಶೀಯರು 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಪಾಲಕತ್ವ ಪಡೆದು ಮಕ್ಕಳನ್ನು ಕರೆದೊಯ್ಯುತ್ತಿದ್ದರು. ಇದರಲ್ಲಿನ ಅಕ್ರಮಗಳ ಬಗೆಗೆ ನ್ಯಾಯವಾದಿ ಲಕ್ಷ್ಮೀಕಾಂತ ಪಾಂಡೆಯವರು ಬರೆದ ಪತ್ರವನ್ನು ಅರ್ಜಿಯೆಂದು ಪರಿಗಣಿಸಿದ ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಮಾರ್ಗಸೂಚಿಗಳನ್ನು ವಿಧಿಸಿತು. 1993ರ ಹೇಗ್ ಒಡಂಬಡಿಕೆಯನ್ನು ಭಾರತವು 2003ರಲ್ಲಿ ಅನುಮೋದಿಸಿತು. 2015ರ ಬಾಲನ್ಯಾಯ ಕಾಯ್ದೆ ಇಂದಿನ ಆಧಾರ.

ಈ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಾಗದವೂ ಒಂದೊಂದು ಪ್ರಶ್ನೆಗೆ ಉತ್ತರ. ಮಗುವನ್ನು ಕೊಡಬಹುದೇ? ಮಕ್ಕಳ ಕಲ್ಯಾಣ ಸಮಿತಿಯು ಮಗುವನ್ನು ದತ್ತುವಿಗೆ ಕಾನೂನಾತ್ಮಕವಾಗಿ ಮುಕ್ತವೆಂದು ಘೋಷಿಸಬೇಕು. ಒಪ್ಪಿಸಿದ ಹೆತ್ತವರಿಗೆ ಮರುಚಿಂತನೆಗೆ 60 ದಿನಗಳಿವೆ. ಪಡೆಯುವವರು ಯೋಗ್ಯರೇ? ಅವರು ವಾಸಿಸುವ ದೇಶದ ಅಧಿಕೃತ ಸಂಸ್ಥೆ ಗೃಹ ಅಧ್ಯಯನ ವರದಿ ಸಿದ್ಧಪಡಿಸುತ್ತದೆ. ಎರಡು ದೇಶಗಳೂ ಒಪ್ಪಿವೆಯೇ? ಆ ದೇಶದ ಸಮ್ಮತಿ ಮತ್ತು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ ಇದನ್ನು ಹೇಳುತ್ತವೆ. ಹಿಂದೆ ನ್ಯಾಯಾಲಯ ನೀಡುತ್ತಿದ್ದ ದತ್ತು ಆದೇಶವನ್ನು 2022ರಿಂದ ಜಿಲ್ಲಾ ದಂಡಾಧಿಕಾರಿಗಳು ನೀಡುತ್ತಾರೆ. ತರುವಾಯ ಒಡಂಬಡಿಕೆಯ 23ನೆಯ ವಿಧಿಯನ್ವಯ ಅನುಸರಣಾ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ಮಗು ಹೊಸ ಮನೆ ಸೇರಿದ ಮೇಲೆ ಎರಡು ವರ್ಷಗಳ ಅನುಸರಣೆ. ಹಿಂದೂ ದತ್ತಕ ಕಾಯ್ದೆಯಡಿ ಮಗುವನ್ನು ಪಡೆದ ಅನಿವಾಸಿಗಳಿಗೂ ಮಡಿಲಿನ ಶಾಸ್ತ್ರವಷ್ಟೇ ಗಡಿ ದಾಟಲು ಸಾಲದು. ಜಿಲ್ಲಾ ದಂಡಾಧಿಕಾರಿಗಳ ಪರಿಶೀಲನೆ ಹಾಗೂ ಪ್ರಾಧಿಕಾರದ ಪತ್ರ ಬೇಕು.

ಇವುಗಳಲ್ಲಿ ಮಗುವಿನ ಅಧ್ಯಯನ ವರದಿ ವಿಶೇಷ ಗಮನಕ್ಕೆ ಅರ್ಹ. ಉಳಿದ ಕಾಗದಗಳ ಕಾರ್ಯ ಪ್ರಯಾಣದೊಂದಿಗೆ ಬಹುಮಟ್ಟಿಗೆ ಮುಗಿಯುತ್ತದೆ. ಇದರ ಕಾರ್ಯ ಆಗ ಆರಂಭವಾಗುತ್ತದೆ. ಒಡಂಬಡಿಕೆಯ 16ನೆಯ ವಿಧಿ ಮಗುವಿನ ಕುಟುಂಬ, ಸಾಮಾಜಿಕ ಪರಿಸರ, ಆರೋಗ್ಯಗಳ ವಿವರವನ್ನು ಬಯಸುತ್ತದೆ. 30ನೆಯ ವಿಧಿ ಮೂಲದ ಮಾಹಿತಿಯನ್ನು ಕಾಪಾಡಬೇಕೆನ್ನುತ್ತದೆ. ದೊರೆತ ಸ್ಥಳ, ಮೈಮೇಲಿದ್ದ ಬಟ್ಟೆ, ಆಡುತ್ತಿದ್ದ ಮಾತು, ಕರೆದರೆ ತಿರುಗಿ ನೋಡುತ್ತಿದ್ದ ಹೆಸರು, ಕೇಳಿ ಮಲಗುತ್ತಿದ್ದ ಲಾಲಿ: ಊರು ನೆನಪಿಡಬಹುದಾಗಿದ್ದ ಇವೆಲ್ಲವೂ ಯಾರಾದರೂ ಬರೆದಿಟ್ಟರೆ ಮಾತ್ರ ಉಳಿಯುತ್ತವೆ. ಪ್ರಾಪ್ತವಯಸ್ಕರಾದವರು ಮೂಲಶೋಧಕ್ಕೆ ಅರ್ಜಿ ಸಲ್ಲಿಸಬಹುದು; ಹೆತ್ತವರ ಗೋಪ್ಯತೆಗೂ ರಕ್ಷಣೆಯಿದೆ. ಆದರೆ ವರದಿಯಲ್ಲಿ ಖಾಲಿ ಬಿಟ್ಟ ಸಾಲನ್ನು ಯಾವ ಅರ್ಜಿಯೂ ತುಂಬಲಾರದು.

ಒಟ್ಟಿನಲ್ಲಿ, ಕಾಗದದ ವಿಳಂಬ ಪೋಷಕರಿಗೆ ತೊಡಕೆನಿಸಿದರೂ, ಅದು ಮಗುವಿನ ಪರವಾಗಿ ನಿಲ್ಲುವ ಸಾಕ್ಷಿ. ಈ ಸಾಕ್ಷಿ ಎಷ್ಟು ವಿವರವಾಗಿ ಮಾತನಾಡಬಲ್ಲದು ಎಂಬುದು ಮೊದಲ ದಿನ ಅದನ್ನು ಬರೆದವರ ಶ್ರದ್ಧೆಯನ್ನು ಅವಲಂಬಿಸಿದೆ.