ಮುತ್ತಜ್ಜನ ಕೊಂಬು

ಮೇಜಿನ ಸುತ್ತ ನಾಲ್ಕೈದು ಮಂದಿ ಕುಳಿತು, ಅವರಲ್ಲೊಬ್ಬನು ಸೂತ್ರಧಾರನಾಗಿ ಕಥೆಯನ್ನು ನಡೆಸುತ್ತಿರಲು, ಉಳಿದವರು ತಾವೇ ಕಲ್ಪಿಸಿಕೊಂಡ ಪಾತ್ರಗಳಾಗಿ ಸಂಭಾಷಿಸುತ್ತ, ಕೈಗೂಡುವುದೋ ಇಲ್ಲವೋ ಎಂಬ ಸಂದೇಹವುಳ್ಳ ಕಾರ್ಯಗಳನ್ನು 20 ಮುಖಗಳ ದಾಳದ ತೀರ್ಪಿಗೆ ಒಪ್ಪಿಸುವ ಆಟವೊಂದುಂಟು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟವಾದ ಈ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಕಲ್ಪಿತ ಜನಾಂಗಗಳಲ್ಲಿ ನನ್ನ ಕುತೂಹಲವನ್ನು ಬಹುವಾಗಿ ಸೆಳೆದುದು ಟೀಫ್ಲಿಂಗರ ಕುಲ.

ಟೀಫ್ಲಿಂಗನು ಪಿಶಾಚನಲ್ಲ. ವಂಶದಲ್ಲಿ ಎಂದೋ, ಯಾವ ತಲೆಮಾರಿನಲ್ಲೋ, ನರಕಲೋಕದ ನೆತ್ತರು ಬೆರೆತುದರ ಗುರುತನ್ನು ಮೈಮೇಲೆ ಹೊತ್ತು ಹುಟ್ಟಿದವನು, ಅಷ್ಟೆ. ಈ ಕುಲದ ಜನನದ ಹಿಂದೆ ಒಂದು ವಿನೋದವಿದೆ. 1980ರ ದಶಕದಲ್ಲಿ, ಈ ಆಟವು ಮಕ್ಕಳಿಗೆ ಸೈತಾನನ ಆರಾಧನೆಯನ್ನು ಕಲಿಸುತ್ತದೆಯೆಂದು ಆ ದೇಶದ ಕೆಲವು ಧರ್ಮಭೀರುಗಳು ಗುಲ್ಲೆಬ್ಬಿಸಿದುದರಿಂದ, 1989ರ ಎರಡನೆಯ ಆವೃತ್ತಿಯಲ್ಲಿ ‘ಡೆವಿಲ್’, ‘ಡೀಮನ್’ ಎಂಬ ಶಬ್ದಗಳನ್ನೇ ಕೈಬಿಟ್ಟರು. ಹೀಗೆ ಮುತ್ತಜ್ಜನ ಹೆಸರನ್ನು ಅಳಿಸಿದ ಐದೇ ವರ್ಷಕ್ಕೆ, ಡೇವಿಡ್ ಕುಕ್ ರಚಿಸಿದ ‘ಪ್ಲೇನ್‌ಸ್ಕೇಪ್’ ಎಂಬ ಕಥಾಲೋಕದಲ್ಲಿ, 1994ರಲ್ಲಿ, ಮರಿಮಕ್ಕಳು ಕಾಣಿಸಿಕೊಂಡರು!

ಮೊದಮೊದಲು ಅವರಿಗೆ ಇಂತಹುದೇ ಎಂಬ ರೂಪವಿರಲಿಲ್ಲ. ಒಬ್ಬನಿಗೆ ಕೂದಲಲ್ಲಿ ಮರೆಯಾಗುವಷ್ಟು ಪುಟ್ಟ ಕೊಂಬು. ಇನ್ನೊಬ್ಬಳಿಗೆ ಸೀಳಿದ ಗೊರಸು. ಮತ್ತೊಬ್ಬನು ಹಾದುಹೋದರೆ ಗಂಧಕದ ಸಣ್ಣ ವಾಸನೆ. 2008ರ ನಾಲ್ಕನೆಯ ಆವೃತ್ತಿಯು ಈ ಕುಲಕ್ಕೆ ಆಟಗಾರರ ಮುಖ್ಯ ಕೈಪಿಡಿಯಲ್ಲಿ ಸ್ಥಾನವನ್ನು ಕೊಟ್ಟಿತಾದರೂ, ಬೇಲ್ ತುರಾತ್ ಎಂಬ ಸಾಮ್ರಾಜ್ಯದ ಕುಲೀನರು ನರಕದೊಡನೆ ಒಡಂಬಡಿಕೆ ಮಾಡಿಕೊಂಡರೆಂಬ ಕಥೆಯನ್ನು ಕಟ್ಟಿ, ಅವರ ಸಂತತಿಗೆಲ್ಲ ಒಂದೇ ಅಚ್ಚಿನ ದಪ್ಪ ಕೊಂಬನ್ನೂ ಉದ್ದ ಬಾಲವನ್ನೂ ಅಂಟಿಸಿತು. ಚಿತ್ರಕಾರರಿಗೆ ಇದರಿಂದ ಅನುಕೂಲವಾಗಿರಬಹುದು. ಕಥೆಗೆ ನಷ್ಟವಾಯಿತೆಂದೇ ನನ್ನ ಮತ. ಊರಬಾಗಿಲಲ್ಲಿ ಕಾವಲಿನವನು “ಮುಸುಕು ತೆಗೆ” ಎಂದು ಗದರಿಸಿದಾಗ, ಆಟಗಾರನು ತಲೆಗಾಯದ ನೆಪವೊಡ್ಡಿ, 14 ಬಿದ್ದರೆ ಸಾಕೆಂದು ಉಸಿರು ಬಿಗಿಹಿಡಿದು ದಾಳವನ್ನುರುಳಿಸುವ ಆ ಕ್ಷಣದ ತವಕ, ಬಚ್ಚಿಡಲಾರದ ಕೊಂಬಿನವನಿಗೆ ಎಲ್ಲಿ ಬರಬೇಕು?

2014ರ ಆವೃತ್ತಿಯಲ್ಲಿ ಇವರಿಗೆ ಕತ್ತಲೆಯಲ್ಲಿ 60 ಅಡಿಯವರೆಗೆ ಕಾಣುವ ಕಣ್ಣು, ಬೆಂಕಿಯನ್ನು ತಾಳಿಕೊಳ್ಳುವ ಮೈ ದೊರೆತವು. ಅದಕ್ಕಿಂತ ಸೊಗಸಾದುದು ನಾಮಕರಣದ ಪದ್ಧತಿ: ತರುಣ ಟೀಫ್ಲಿಂಗರಲ್ಲಿ ಕೆಲವರು ತಮ್ಮ ಹೆಸರನ್ನು ತಾವೇ ಆರಿಸಿಕೊಂಡು ಆಶೆ, ಶೋಕ, ಕವಿತೆ ಎಂದು ಕರೆಯಿಸಿಕೊಳ್ಳುವರು.

ಬೆಲ್ಜಿಯಮ್ಮಿನ ಲಾರಿಯನ್ ಸಂಸ್ಥೆಯು 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಗಣಕದ ಆಟದಲ್ಲಿ ಈ ಕುಲದವರು ನಿರಾಶ್ರಿತರು. ಎಲ್ಟುರೆಲ್ ಎಂಬ ನಗರವು ತನ್ನ ಮಾನವ ಅಧಿಪತಿಯ ಗುಪ್ತ ಒಡಂಬಡಿಕೆಯಿಂದಲೇ ನರಕಕ್ಕೆ ಜಾರಿ ಮರಳಿ ಬಂದಿತ್ತು. ಊರಿನವರು ಹೊರಗಟ್ಟಿದುದು ಮಾತ್ರ ಕೊಂಬುಳ್ಳವರನ್ನು. ಆ ಗುಂಪಿನಲ್ಲಿ ಮಾಲ್ ಎಂಬ ಒಕ್ಕಣ್ಣಿನ ಹುಡುಗಿ, ಚಿಲ್ಲರೆ ಕಳ್ಳತನ ಮಾಡುವ ಮಕ್ಕಳ ನಾಯಕಿ. ಮುಂದೊಂದು ದಿನ ಛತ್ರದ ಮೂಲೆಯಲ್ಲಿ ಅವಳು ಚದುರಂಗದಂಥ ಆಟಕ್ಕೆ ಕುಳಿತಿರುವಳು. ಎದುರಿಗೆ, ಉಡುಪಿನಲ್ಲಿ ಮಹಾ ಸಭ್ಯನಾದ ರಾಫೇಲ್. ಅವನು ನಿಜವಾಗಿಯೂ ನರಕದವನು. ಕಾಯಿಗಳನ್ನು ನಡೆಸುತ್ತ ನಡೆಸುತ್ತಲೇ ಅವಳಿಗೊಂದು ಕರಾರನ್ನು ಸೂಚಿಸುತ್ತಿರುವನು.